ಕುತಂತ್ರಾಂಶವನ್ನು ತೆಗೆದ ನಂತರವೂ ಗಣಕಯಂತ್ರ ಆರಂಭವಾಗುವಾಗ ಕಾಣುವ ದೋಷ ಸಂದೇಶಗಳು: ಅರ್ಜಿದಾರರಿಗೆ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳಲ್ಲಿ, ಬೇಲೂರು ತಾಲ್ಲೂಕಿಗೆ ಸೇರಿದ ಹಳೇಬೀಡು ಹೋಬಳಿಯೂ ಒಳಗೊಂಡಂತೆ, ಸರ್ಕಾರಿ ಸೇವೆಗಳಿಗಾಗಿ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವವರು ತಮ್ಮ ಮನೆಯ ಅಥವಾ ಪಟ್ಟಣದ ಖಾಸಗಿ ಕೇಂದ್ರಗಳ ಗಣಕಯಂತ್ರಗಳನ್ನು ಬಳಸುತ್ತಾರೆ. ಇಂತಹ ಯಂತ್ರಗಳಿಗೆ ವೈರಾಣು ತಗುಲುವುದು ಹೊಸ ಸಂಗತಿಯಲ್ಲ. ವೈರಾಣು ನಿರೋಧಕ ತಂತ್ರಾಂಶವು ಅದನ್ನು ಪತ್ತೆ ಮಾಡಿ ಅಳಿಸಿದ ಮರುದಿನದಿಂದ, ಯಂತ್ರವನ್ನು ಚಾಲನೆಗೊಳಿಸಿದಾಗಲೆಲ್ಲ ಪರದೆಯ ಮಧ್ಯದಲ್ಲಿ ಒಂದು ದೋಷ ಸಂದೇಶವು ಮೂಡುತ್ತದೆ. ಯಂತ್ರವು ಕೆಟ್ಟಿತೆಂದು ಭಾವಿಸಿ ಅದನ್ನು ಸಂಪೂರ್ಣವಾಗಿ ಫಾರ್ಮ್ಯಾಟ್ ಮಾಡಿಸುವವರು, ಅದರೊಂದಿಗೆ ಸ್ಕ್ಯಾನ್ ಮಾಡಿಟ್ಟ ದಾಖಲೆಗಳನ್ನೂ ಅರ್ಜಿಯ ಸ್ವೀಕೃತಿ ಪ್ರತಿಗಳನ್ನೂ ಕಳೆದುಕೊಳ್ಳುವವರು ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಇದರ ಅಗತ್ಯವಿರುವುದಿಲ್ಲ. ಈ ಸಂದೇಶದ ಅರ್ಥ, ಕಾರಣ ಮತ್ತು ಪರಿಹಾರ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸಂದೇಶವು ಏಕೆ ಬರುತ್ತದೆ

ವಿಂಡೋಸ್ ಕಾರ್ಯನಿರ್ವಹಣಾ ವ್ಯವಸ್ಥೆಯು ಆರಂಭವಾಗುವಾಗ ಯಾವ ಯಾವ ತಂತ್ರಾಂಶಗಳನ್ನು ತಾನಾಗಿಯೇ ಚಾಲನೆಗೊಳಿಸಬೇಕೆಂಬ ವಿವರವನ್ನು ರಿಜಿಸ್ಟ್ರಿ ಎಂಬ ಆಂತರಿಕ ದಾಖಲೆಯಲ್ಲಿಯೂ, ಟಾಸ್ಕ್ ಶೆಡ್ಯೂಲರ್ ಎಂಬ ವೇಳಾಪಟ್ಟಿಯಲ್ಲಿಯೂ, ಸ್ಟಾರ್ಟ್‌ಅಪ್ ಎಂಬ ಕಡತಕೋಶದಲ್ಲಿಯೂ ಇಟ್ಟುಕೊಂಡಿರುತ್ತದೆ. ಕುತಂತ್ರಾಂಶವು ಯಂತ್ರವನ್ನು ಪ್ರವೇಶಿಸಿದಾಗ ಎರಡು ಕೆಲಸಗಳನ್ನು ಮಾಡುತ್ತದೆ: ತನ್ನ ಕಡತವನ್ನು ಯಾವುದಾದರೂ ಮೂಲೆಯಲ್ಲಿ ಇರಿಸುವುದು ಒಂದು, ಮೇಲಿನ ದಾಖಲೆಗಳಲ್ಲಿ ತನ್ನ ಹೆಸರನ್ನು ನಮೂದಿಸುವುದು ಇನ್ನೊಂದು. ವೈರಾಣು ನಿರೋಧಕ ತಂತ್ರಾಂಶವು ಕಡತವನ್ನು ಅಳಿಸುತ್ತದೆ; ನಮೂದು ಕೆಲವೊಮ್ಮೆ ಹಾಗೆಯೇ ಉಳಿದುಬಿಡುತ್ತದೆ.

ರೈತ ಕುಟುಂಬಗಳಿಗೆ ಇದು ಅಪರಿಚಿತವಾದ ಪರಿಸ್ಥಿತಿಯಲ್ಲ. ಖಾತೆದಾರರು ಮೃತಪಟ್ಟ ನಂತರವೂ ಪೌತಿ ಖಾತೆ ಆಗುವವರೆಗೆ ಪಹಣಿಯಲ್ಲಿ ಅವರ ಹೆಸರೇ ಮುಂದುವರಿಯುತ್ತದೆ. ಆ ಹೆಸರಿಗೆ ಕಳುಹಿಸಿದ ನೋಟೀಸು ಪಡೆಯುವವರಿಲ್ಲದೆ ಹಿಂದಿರುಗುತ್ತದೆ. ಗಣಕಯಂತ್ರದಲ್ಲಿಯೂ ಹೀಗೆಯೇ, ಪಟ್ಟಿಯಲ್ಲಿರುವ ಹೆಸರನ್ನು ವಿಂಡೋಸ್ ಕರೆಯುತ್ತದೆ, ಆ ಹೆಸರಿನ ಕಡತ ಇರುವುದಿಲ್ಲ, ಕರೆ ಹಿಂದಿರುಗಿದ ವರದಿಯೇ ದೋಷ ಸಂದೇಶವಾಗಿ ಪರದೆಯ ಮೇಲೆ ಕಾಣಿಸುತ್ತದೆ. ಆದುದರಿಂದ ಈ ಸಂದೇಶವು ಸಾಮಾನ್ಯವಾಗಿ ಕುತಂತ್ರಾಂಶದ ಮುಖ್ಯ ಕಡತವು ಅಳಿದಿದೆ ಎಂಬುದರ ಸೂಚನೆಯೇ ಆಗಿರುತ್ತದೆ.

ಹೆಚ್ಚಾಗಿ ಕಾಣುವ ಸಂದೇಶಗಳು ಎರಡು ಬಗೆಯವು. ಮೊದಲನೆಯದರ ಶಿರೋನಾಮೆ ‘ರನ್‌ಡಿಎಲ್‌ಎಲ್’ ಎಂದಿದ್ದು, ಕೆಳಗೆ ಒಂದು ಕಡತದ ಹೆಸರು ಮತ್ತು ‘ದಿ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್’ ಎಂಬ ಆಂಗ್ಲ ವಾಕ್ಯವಿರುತ್ತದೆ. ಎರಡನೆಯದು ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್’ ಎಂಬ ಶಿರೋನಾಮೆಯೊಡನೆ, ವಿಬಿಎಸ್ ಎಂದು ಕೊನೆಗೊಳ್ಳುವ ಕಡತವು ದೊರೆಯಲಿಲ್ಲವೆಂದು ತಿಳಿಸುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ರನ್‌ಡಿಎಲ್‌ಎಲ್32 ಎಂಬುದು ವಿಂಡೋಸ್‌ನ ಸ್ವಂತ ಕಡತವೇ ಹೊರತು ವೈರಾಣುವಲ್ಲ. ಅದು ಕರೆ ತಲುಪಿಸುವ ಗ್ರಾಮ ಸಹಾಯಕನಿದ್ದಂತೆ. ಮನೆಗೆ ಬೀಗ ಬಿದ್ದಿದೆ ಎಂದು ಬಂದು ಹೇಳಿದ ಕಾರಣಕ್ಕೆ ಅವನನ್ನೇ ತೆಗೆದುಹಾಕಿದರೆ ಉಳಿದ ಕೆಲಸಗಳೂ ನಿಲ್ಲುತ್ತವೆ. ಸಂದೇಶದಲ್ಲಿ ಹೆಸರಿಸಲಾದ, ಕಾಣೆಯಾದ ಕಡತವನ್ನು ಅಂತರ್ಜಾಲದಲ್ಲಿ ಹುಡುಕಿ ತಂದು ಹಾಕುವುದಂತೂ ಸರ್ವಥಾ ಕೂಡದು. ಹೊರಗೆ ಹಾಕಿದ ಕುತಂತ್ರಾಂಶವನ್ನು ಮತ್ತೆ ಕರೆತಂದಂತೆ ಆಗುತ್ತದೆ.

ಈ ಬಗೆಯ ಶೇಷಕ್ಕೆ ಪ್ರಸಿದ್ಧ ಉದಾಹರಣೆ, 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡು ಪ್ರಪಂಚದಾದ್ಯಂತ ಹರಡಿದ ಕಾನ್ಫಿಕರ್ ಎಂಬ ಹುಳು. ಅದು ಪ್ರವೇಶಿಸುತ್ತಿದ್ದ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2008ರ ಅಕ್ಟೋಬರ್‌ನಲ್ಲಿಯೇ ತಿದ್ದುಪಡಿ ಬಿಡುಗಡೆ ಮಾಡಿತ್ತಾದರೂ, ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಅಸಂಖ್ಯವಾಗಿದ್ದವು. ಈ ಹುಳುವು ವೇಳಾಪಟ್ಟಿಯಲ್ಲಿ ‘ಎಟಿ1’, ‘ಎಟಿ2’ ಎಂಬಂತಹ ಹೆಸರಿನ ಕಾರ್ಯಗಳನ್ನು ಸೇರಿಸಿ, ಅವುಗಳ ಮೂಲಕ ಅರ್ಥವಿಲ್ಲದ ಅಕ್ಷರಗಳ ಹೆಸರುಳ್ಳ ತನ್ನ ಕಡತವನ್ನು ರನ್‌ಡಿಎಲ್‌ಎಲ್32ರಿಂದ ಕರೆಸಿಕೊಳ್ಳುತ್ತಿತ್ತು. ಹುಳುವನ್ನು ತೆಗೆದ ಮೇಲೂ ಆ ಕಾರ್ಯಗಳು ಉಳಿದಲ್ಲಿ ದೋಷ ಸಂದೇಶ ಬರುತ್ತಿತ್ತು.

ಮೊದಲು ಖಚಿತಪಡಿಸಿಕೊಳ್ಳಬೇಕಾದುದು

ನಮೂದನ್ನು ತೆಗೆಯುವ ಮುನ್ನ ಕುತಂತ್ರಾಂಶವು ನಿಜಕ್ಕೂ ಹೋಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೆಕ್ಯುರಿಟಿ’ಯೊಳಗೆ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಎಂಬ ಆಯ್ಕೆ ಇದೆ. ಇದರಲ್ಲಿ ಯಂತ್ರವು ಮರುಚಾಲನೆಗೊಂಡು, ವಿಂಡೋಸ್ ಪೂರ್ಣವಾಗಿ ಎದ್ದೇಳುವ ಮೊದಲೇ ತಪಾಸಣೆ ನಡೆಯುವುದರಿಂದ ಅಡಗಿರುವ ಕಡತಗಳಿಗೆ ತಪ್ಪಿಸಿಕೊಳ್ಳುವ ಅವಕಾಶ ಕಡಿಮೆ. ಸುಮಾರು 15 ನಿಮಿಷ ಹಿಡಿಯುವ ಈ ಕಾರ್ಯವನ್ನು ವಿದ್ಯುತ್ ಕಡಿತದ ವೇಳೆಯನ್ನು ನೋಡಿಕೊಂಡು ಆರಂಭಿಸುವುದು ಒಳ್ಳೆಯದು. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕವೂ ತಪಾಸಣಾ ತಂತ್ರಾಂಶಗಳನ್ನು ಉಚಿತವಾಗಿ ಒದಗಿಸಲಾಗಿದೆ.

ಸಂದೇಶ ಬಂದ ಮಾತ್ರಕ್ಕೆ ಕುತಂತ್ರಾಂಶವೇ ಕಾರಣವೆಂದೂ ತಿಳಿಯಬೇಕಾಗಿಲ್ಲ. ಹಳೆಯ ಮುದ್ರಣಯಂತ್ರದ ತಂತ್ರಾಂಶವನ್ನು ಅರ್ಧಂಬರ್ಧ ತೆಗೆದಾಗಲೂ ಇದೇ ಸಂದೇಶ ಬರಬಹುದು.

ನಮೂದನ್ನು ಹುಡುಕಿ ನಿಷ್ಕ್ರಿಯಗೊಳಿಸುವ ಕ್ರಮ

ಸಂದೇಶವು ಕಂಡ ಕೂಡಲೇ ‘ಓಕೆ’ ಒತ್ತಿಬಿಡದೆ, ಅದರಲ್ಲಿರುವ ಕಡತದ ಹೆಸರು ಮತ್ತು ದಾರಿಯನ್ನು ಅಕ್ಷರಶಃ ಬರೆದುಕೊಳ್ಳತಕ್ಕದ್ದು. ಮೊಬೈಲ್ ದೂರವಾಣಿಯಿಂದ ಛಾಯಾಚಿತ್ರ ತೆಗೆದುಕೊಂಡರೂ ಸಾಕು. ಮುಂದಿನ ಎಲ್ಲ ಹುಡುಕಾಟಕ್ಕೆ ಇದೇ ಆಧಾರ.

ತದನಂತರ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಅದರ ‘ಸ್ಟಾರ್ಟ್‌ಅಪ್’ ವಿಭಾಗದಲ್ಲಿ ಆರಂಭಿಕ ಪಟ್ಟಿ ಇರುತ್ತದೆ. ವಿಂಡೋಸ್ 7 ಹಾಗೂ ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಇದೇ ಪಟ್ಟಿಯು ‘ಎಂಎಸ್‌ಕಾನ್ಫಿಗ್’ ಎಂಬ ಉಪಕರಣದಲ್ಲಿ ದೊರೆಯುತ್ತದೆ. ಪಟ್ಟಿಯ ಮೇಲ್ಸಾಲಿನಲ್ಲಿ ಬಲಗುಂಡಿ ಒತ್ತಿ ‘ಕಮಾಂಡ್ ಲೈನ್’ ಎಂಬುದನ್ನು ಆರಿಸಿದರೆ ಪ್ರತಿ ನಮೂದು ಯಾವ ಕಡತವನ್ನು ಕರೆಯುತ್ತದೆ ಎಂಬುದು ಕಾಣುತ್ತದೆ. ಬರೆದುಕೊಂಡ ಹೆಸರಿಗೆ ಹೊಂದುವ ನಮೂದನ್ನು ‘ಡಿಸೇಬಲ್’ ಮಾಡಬೇಕು. ಕಡತವೇ ಇಲ್ಲದ ನಮೂದುಗಳು ಕೆಲವೊಮ್ಮೆ ತಯಾರಕರ ಹೆಸರಿಲ್ಲದೆ, ಕೇವಲ ‘ಪ್ರೋಗ್ರಾಂ’ ಎಂದಷ್ಟೇ ಕಾಣುವುದುಂಟು. ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳ, ಮುದ್ರಣಯಂತ್ರದ ಅಥವಾ ಬೆರಳಚ್ಚು ಉಪಕರಣದ ನಮೂದುಗಳನ್ನು, ಹೆಸರು ವಿಚಿತ್ರವಾಗಿದೆ ಎಂಬ ಕಾರಣಕ್ಕೆ ಮುಟ್ಟಬಾರದು.

ಅಲ್ಲಿ ದೊರೆಯದಿದ್ದಲ್ಲಿ ಟಾಸ್ಕ್ ಶೆಡ್ಯೂಲರ್ ತೆರೆದು, ಅದರ ಗ್ರಂಥಾಲಯದಲ್ಲಿರುವ ಒಂದೊಂದೇ ಕಾರ್ಯದ ‘ಆಕ್ಷನ್ಸ್’ ಭಾಗವನ್ನು ನೋಡಬೇಕು. ಇದು ತುಸು ತಾಳ್ಮೆಯ ಕೆಲಸ. ಆದರೆ ಸಂದೇಶವು ಆರಂಭದಲ್ಲಿ ಮಾತ್ರವಲ್ಲದೆ ಪ್ರತಿ ಅರ್ಧಗಂಟೆಗೋ ಒಂದು ಗಂಟೆಗೋ ಮರುಕಳಿಸುತ್ತಿದ್ದರೆ ಕಾರಣವು ಬಹುತೇಕ ಇಲ್ಲಿಯೇ ಇರುತ್ತದೆ.

ಎರಡೂ ಕಡೆ ಸಿಗದಿದ್ದಲ್ಲಿ ‘ಆಟೋರನ್ಸ್’ ಎಂಬ ಉಚಿತ ಉಪಕರಣವನ್ನು ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಿಂದಲೇ ಪಡೆಯಬಹುದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ರೂಪಿಸಿದ ಈ ಉಪಕರಣವು, 2006ರಲ್ಲಿ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡ ನಂತರ ಅಲ್ಲಿಂದಲೇ ವಿತರಣೆಯಾಗುತ್ತಿದೆ. ಆರಂಭಿಕ ನಮೂದುಗಳಿರುವ ಹತ್ತಾರು ಸ್ಥಳಗಳನ್ನು ಅದು ಒಂದೇ ಕಡೆ ತೋರಿಸುತ್ತದೆ. ಕಡತವಿಲ್ಲದ ನಮೂದುಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ. ಹಳದಿಯಾಗಿರುವುದನ್ನೆಲ್ಲ ಅಳಿಸಬೇಕೆಂದು ಇದರ ಅರ್ಥವಲ್ಲ. ಬರೆದುಕೊಂಡ ಹೆಸರಿನ ನಮೂದಿನ ಮುಂದಿರುವ ಗುರುತನ್ನು ಮಾತ್ರ ತೆಗೆದು, ಯಂತ್ರವನ್ನು ಮರುಚಾಲನೆ ಮಾಡಿ, ಒಂದೆರಡು ದಿನ ನೋಡಿದ ಮೇಲೆ ಅಳಿಸುವುದು ಸೂಕ್ತ. ಗುರುತನ್ನು ಮರಳಿ ಹಾಕಬಹುದು. ಅಳಿಸಿದ್ದನ್ನು ಮರಳಿ ತರುವುದು ಕಷ್ಟ.

ನಿಷ್ಕ್ರಿಯಗೊಳಿಸಿದ ನಮೂದು ಅದೇ ಹೆಸರಿನಲ್ಲಾಗಲಿ ಬೇರೆ ಹೆಸರಿನಲ್ಲಾಗಲಿ ಮತ್ತೆ ಪ್ರತ್ಯಕ್ಷವಾದರೆ ಅದು ಶೇಷವಲ್ಲ. ಅದನ್ನು ಬರೆಯುತ್ತಿರುವ ಕುತಂತ್ರಾಂಶವು ಇನ್ನೂ ಜೀವಂತವಾಗಿದೆ. ಅಂತಹ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಅಥವಾ ಗುಪ್ತಪದವನ್ನು ನಮೂದಿಸಕೂಡದು. ಈಗಾಗಲೇ ನಮೂದಿಸಿದ್ದಲ್ಲಿ, ಬೇರೊಂದು ಸುರಕ್ಷಿತ ಯಂತ್ರದಿಂದ ಗುಪ್ತಪದವನ್ನು ಬದಲಾಯಿಸಬೇಕು. ಫಾರ್ಮ್ಯಾಟ್ ಮಾಡಿಸುವ ಮಾತು ಬರುವುದು ಇಲ್ಲಿ, ಅದೂ ದಾಖಲೆಗಳ ಪ್ರತಿ ತೆಗೆದಿಟ್ಟುಕೊಂಡ ನಂತರ.

ಮುಟ್ಟಬಾರದ ಎರಡು ನಮೂದುಗಳು

ರಿಜಿಸ್ಟ್ರಿಯ ‘ವಿನ್‌ಲಾಗನ್’ ಎಂಬ ಭಾಗದಲ್ಲಿ ‘ಯೂಸರ್‌ಇನಿಟ್’ ಮತ್ತು ‘ಶೆಲ್’ ಎಂಬ ಎರಡು ನಮೂದುಗಳಿವೆ. ಕೆಲವು ಕುತಂತ್ರಾಂಶಗಳು ಇವುಗಳ ಸಾಲಿನ ಕೊನೆಗೆ ತಮ್ಮ ಹೆಸರನ್ನು ಸೇರಿಸುತ್ತವೆ. ಸೇರಿಸಿದ ಭಾಗವನ್ನಷ್ಟೇ ತೆಗೆಯುವ ಬದಲು ಇಡೀ ನಮೂದನ್ನು ಅಳಿಸಿದರೆ, ಬಳಕೆದಾರರು ಗುಪ್ತಪದ ನೀಡಿ ಒಳಹೋದ ಕ್ಷಣದಲ್ಲಿಯೇ ಯಂತ್ರವು ಅವರನ್ನು ಹೊರಕಳುಹಿಸುತ್ತದೆ. ಮತ್ತೆ ಒಳಹೋದರೆ ಮತ್ತೆ ಹೊರಗೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ತೊಂದರೆ ಸಾಕಷ್ಟು ಕಂಡಿತ್ತು. ‘ಶೆಲ್’ ನಮೂದಿನಲ್ಲಿ ಎಕ್ಸ್‌ಪ್ಲೋರರ್ ಕಡತದ ಹೆಸರು ಮಾತ್ರ ಇರಬೇಕು. ‘ಯೂಸರ್‌ಇನಿಟ್’ನಲ್ಲಿ ಸಿಸ್ಟಂ32 ಕೋಶದೊಳಗಿನ ಅದೇ ಹೆಸರಿನ ಕಡತವಿದ್ದು, ಕೊನೆಯಲ್ಲಿ ಒಂದು ಅಲ್ಪವಿರಾಮವಿರುತ್ತದೆ. ಆ ಅಲ್ಪವಿರಾಮ ಕೈತಪ್ಪಿನದಲ್ಲ. ರಿಜಿಸ್ಟ್ರಿಯ ಪರಿಚಯವಿಲ್ಲದವರು ಈ ಭಾಗವನ್ನು ತಾವಾಗಿ ತಿದ್ದದೆ ತಿಳಿದವರ ನೆರವು ಪಡೆಯುವುದು ಕ್ಷೇಮ. ತಿದ್ದುವವರು ಮೊದಲು ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಪ್ರತಿಯೊಂದನ್ನು ಉಳಿಸಿಕೊಳ್ಳತಕ್ಕದ್ದು.

ಪೆನ್‌ಡ್ರೈವ್‌ನಲ್ಲಿ ಕಾಣೆಯಾದ ದಾಖಲೆಗಳು

ಅರ್ಜಿದಾರರಿಗೆ ಅತಿ ಹೆಚ್ಚು ಆತಂಕ ಉಂಟುಮಾಡುವುದು ಬಹುಶಃ ಇದು. ಭಾವಚಿತ್ರ ತೆಗೆಯುವ ಸ್ಟುಡಿಯೋ, ಜೆರಾಕ್ಸ್ ಅಂಗಡಿ, ಅರ್ಜಿ ಸಲ್ಲಿಸುವ ಕೇಂದ್ರ ಎಂದು ಒಂದೇ ಪೆನ್‌ಡ್ರೈವ್ ಒಂದೇ ದಿನ ಮೂರು ನಾಲ್ಕು ಯಂತ್ರಗಳನ್ನು ಸುತ್ತಿಬರುತ್ತದೆ. ಮೊದಲು ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಅದರಲ್ಲಿರುವ ‘ಆಟೋರನ್’ ಕಡತದ ಸೂಚನೆಯಂತೆ ಕುತಂತ್ರಾಂಶವು ಸುಲಭವಾಗಿ ಚಾಲನೆಗೊಳ್ಳುತ್ತಿತ್ತು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಈ ದಾರಿಯನ್ನು ಮುಚ್ಚಲಾಯಿತು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾ ಆವೃತ್ತಿಗಳಿಗೂ ತಿದ್ದುಪಡಿ ನೀಡಲಾಯಿತು. ಆ ಬಳಿಕ ಶಾರ್ಟ್‌ಕಟ್ ವೈರಾಣುಗಳು ಹೆಚ್ಚಾಗಿ ಕಂಡುಬಂದವು. ಇವು ನೈಜ ಕೋಶಗಳನ್ನು ಮರೆಮಾಡಿ, ಅದೇ ಹೆಸರಿನ ನಕಲಿ ಕೊಂಡಿಗಳನ್ನು ಮುಂದಿಡುತ್ತವೆ. ವೈರಾಣು ನಿರೋಧಕವು ನಕಲಿ ಕೊಂಡಿಗಳನ್ನು ಅಳಿಸಿದಾಗ ಪೆನ್‌ಡ್ರೈವ್ ಖಾಲಿಯಾದಂತೆ ತೋರುತ್ತದೆ. ದಾಖಲೆಗಳು ಅಲ್ಲಿಯೇ ಇರುತ್ತವೆ. ಡ್ರೈವ್‌ನ ‘ಪ್ರಾಪರ್ಟೀಸ್’ ನೋಡಿದರೆ ಜಾಗವು ಬಳಕೆಯಲ್ಲಿರುವುದು ತಿಳಿಯುತ್ತದೆ.

ವೈರಾಣುವು ಕೋಶಕ್ಕೆ ಗುಪ್ತ ಮತ್ತು ವ್ಯವಸ್ಥೆ ಎಂಬ ಎರಡೂ ಗುರುತುಗಳನ್ನು ಹಾಕಿರುವುದರಿಂದ ಸಾಮಾನ್ಯ ಕ್ರಮದಲ್ಲಿ ಅವನ್ನು ತೆಗೆಯಲಾಗುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು, ಪೆನ್‌ಡ್ರೈವ್‌ನ ಅಕ್ಷರ ಮತ್ತು ವಿವರಣ ಚಿಹ್ನೆ ಟೈಪಿಸಿ ಎಂಟರ್ ಒತ್ತಿ, ಬಳಿಕ ‘ಅಟ್ರಿಬ್’ ಎಂಬ ಆದೇಶವನ್ನು ಮೈನಸ್ ಎಚ್, ಮೈನಸ್ ಎಸ್, ಓರೆಗೆರೆ ಎಸ್, ಓರೆಗೆರೆ ಡಿ ಎಂಬ ಸೂಚನೆಗಳೊಡನೆ, ಪ್ರತಿಯೊಂದರ ನಡುವೆ ಒಂದು ಅಂತರ ಬಿಟ್ಟು ನೀಡಬೇಕು. ಓರೆಗೆರೆಯು ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಗೆರೆ. ಆದೇಶ ಮುಗಿದ ನಂತರ ಕೋಶಗಳು ಮೊದಲಿನಂತೆ ಕಾಣುತ್ತವೆ. ಈ ಆದೇಶವನ್ನು ಪೆನ್‌ಡ್ರೈವ್‌ನಲ್ಲಿ ಮಾತ್ರ ಬಳಸಬೇಕು, ವಿಂಡೋಸ್ ಇರುವ ಸಿ ಡ್ರೈವ್‌ನಲ್ಲಿ ಬಳಸಬಾರದು.

ಫಾರ್ಮ್ಯಾಟ್ ಮಾಡಿಸಿದ ನಂತರ ಹಳೆಯ ಕನ್ನಡ ಕಡತಗಳು ಅರ್ಥವಿಲ್ಲದ ಚಿಹ್ನೆಗಳಂತೆ ಕಾಣುವುದೂ ಉಂಟು. ಇದು ವೈರಾಣುವಿನ ಕೆಲಸವಲ್ಲ. ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತಗಳಿಗೆ ಅದೇ ಅಕ್ಷರಶೈಲಿ ಬೇಕಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಅಥವಾ ಆಗ ಬಳಸಿದ್ದ ಬೇರೆ ತಂತ್ರಾಂಶವನ್ನು ಮರಳಿ ಅಳವಡಿಸಿದರೆ ಅವು ಓದಲು ಬರುತ್ತವೆ.

ನಕಲಿ ಸಂದೇಶಗಳು ಮತ್ತು ನೆರವು

ದೂರವಾಣಿ ಸಂಖ್ಯೆಯೊಂದನ್ನು ನೀಡಿ ಕೂಡಲೇ ಕರೆ ಮಾಡುವಂತೆ ಸೂಚಿಸುವ ಎಚ್ಚರಿಕೆಯು ಇಲ್ಲಿ ವಿವರಿಸಿದ ಬಗೆಯದಲ್ಲ. ಮೈಕ್ರೋಸಾಫ್ಟ್‌ನ ನೈಜ ದೋಷ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಇಂತಹ ಸಂಖ್ಯೆಗೆ ಕರೆ ಮಾಡಿ ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡತಕ್ಕದ್ದು.

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಶೇಷವನ್ನು ತೆಗೆದರೂ ಹೊಸ ಕುತಂತ್ರಾಂಶವು ಅದೇ ಬಾಗಿಲಿನಿಂದ ಬರುವ ಸಾಧ್ಯತೆ ಉಳಿಯುತ್ತದೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದು ಯಂತ್ರದ ಬಗ್ಗೆ ಸಂಶಯವಿದ್ದಲ್ಲಿ, ದುರಸ್ತಿಗಾಗಿ ಕಾಯದೆ ಹತ್ತಿರದ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಆಯಾ ಸೇವೆಗೆ ಅರ್ಜಿ ಸ್ವೀಕರಿಸಲಾಗುತ್ತಿದೆಯೇ ಎಂದು ವಿಚಾರಿಸಿ, ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹೋಗಿ ಅರ್ಜಿ ಸಲ್ಲಿಸಬಹುದಾಗಿದೆ.