ಅಣ್ಣನ ಬಸ್ ಚಾರ್ಜು ಕೊಡೋರು ಯಾರು?

ಚಿತ್ರಮಂದಿರದಲ್ಲಿ ದೀಪ ಆರಿದ ಕೂಡಲೇ ಮೊದಲು ಕಾಣಿಸೋದು ನಾಯಕನೂ ಅಲ್ಲ, ನಾಯಕಿಯೂ ಅಲ್ಲ. ತಂಬಾಕಿನಿಂದ ಬಾಯಿ ಕಳೆದುಕೊಂಡವರ ಮುಖ! ತೆರೆಯ ಮೇಲೆ ಬೀಡಿ, ಸಿಗರೇಟು ಕಾಣಿಸೋ ಚಿತ್ರವಾದರೆ ಆರಂಭದಲ್ಲಿ ಮೂವತ್ತು ಸೆಕೆಂಡು, ನಡುವೆ ಮೂವತ್ತು ಸೆಕೆಂಡು ಎಚ್ಚರಿಕೆ ತೋರಿಸಲೇಬೇಕು. 2012ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಕಟ್ಟಪ್ಪಣೆ ಅದು. ಆಗ ನಮ್ಮ ಚಿತ್ರರಸಿಕರು ಏನು ಮಾಡ್ತಾರೆ? ಸೀಟು ಹುಡುಕ್ತಾರೆ. ಪಾಪ್‌ಕಾರ್ನ್ ಪೊಟ್ಟಣ ಬಿಚ್ತಾರೆ. ಹಿಂದಿನ ಸಾಲಿನಿಂದ ಯಾರೋ ಒಬ್ಬ ಆ ದನಿಯನ್ನೇ ಅಣಕಿಸಿ ಶಿಳ್ಳೆ ಗಿಟ್ಟಿಸ್ತಾನೆ.

ಹೆದರಿಸಿದರೆ ಹುಡುಗರು ಬಿಡ್ತಾರೆ ಅನ್ನೋದು ಹಿರಿಯರ ಹಳೇ ನಂಬಿಕೆ. ಗಾಂಜಾ ಸೇದೋ ಹುಡುಗನಿಗೆ, ಪಂಕ್ಚರ್ ಅಂಗಡಿಯ ಸಲ್ಯೂಷನ್ನನ್ನು ಬಟ್ಟೆಗೆ ಹಾಕಿ ಮೂಸೋ ಹುಡುಗನಿಗೆ ಅದು ಕೆಟ್ಟದ್ದು ಅಂತ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು ಸ್ವಾಮಿ! ಅವನಿಗೆ ಇಲ್ಲದೇ ಇರೋದು ಸಂಜೆ ಆರಕ್ಕೆ "ಎಲ್ಲೋ ಇದ್ದೀಯಾ, ಊಟ ಆಯ್ತೇನೋ?" ಅಂತ ಕೇಳೋ ಒಬ್ಬ ಅಣ್ಣ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ, ಹೀಗೆ ಮೂಸುವ ಚಟದಿಂದ ಹೊರಬರಲು ನೆರವು ಬೇಕಾದ ಮಕ್ಕಳೇ ದೇಶದಲ್ಲಿ 4.6 ಲಕ್ಷ. ಮಕ್ಕಳು, ನೆನಪಿಡಿ. ದೊಡ್ಡವರ ಲೆಕ್ಕ ಬೇರೆ.

ಈ 'ಅಣ್ಣ'ನ ಕಥೆಯಲ್ಲಿ ಯಾವ ನಿರ್ಮಾಪಕನಾದರೂ ಮೆಚ್ಚುವ ಓಪನಿಂಗ್ ಸೀನ್ ಇದೆ. 1904ರ ನ್ಯೂಯಾರ್ಕ್. ಅರ್ನೆಸ್ಟ್ ಕೌಲ್ಟರ್ ಎಂಬ ಕೋರ್ಟ್ ಗುಮಾಸ್ತ. ದಿನವೂ ಕಟಕಟೆಗೆ ಬರೋ ಪುಟ್ಟ ಪುಟ್ಟ ಹುಡುಗರನ್ನು ನೋಡಿ ನೋಡಿ ಸಾಕಾಗಿ, ಊರಿನ ಒಂದಷ್ಟು ಗಂಡಸರ ಮುಂದೆ ನಿಂತು, ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಅಣ್ಣನಾಗಿ ಅಂತ ಕೇಳಿದ. ಸುಮಾರು ನಲವತ್ತು ಮಂದಿ ಒಪ್ಪಿದರು. ಅದೇ ಮುಂದೆ 'ಬಿಗ್ ಬ್ರದರ್ಸ್' ಎಂಬ ದೊಡ್ಡ ಸಂಸ್ಥೆಯಾಯಿತು. 1995ರಲ್ಲಿ ಅಲ್ಲಿನ ಸಂಶೋಧಕರು ಹತ್ತರಿಂದ ಹದಿನಾರು ವಯಸ್ಸಿನ 959 ಮಕ್ಕಳ ಪರೀಕ್ಷೆಯ ಫಲ ಪ್ರಕಟಿಸಿದರು. ಅಣ್ಣನೋ ಅಕ್ಕನೋ ಸಿಕ್ಕ ಮಕ್ಕಳು ಹದಿನೆಂಟು ತಿಂಗಳಲ್ಲಿ ಹೊಸದಾಗಿ ಮಾದಕ ವಸ್ತು ಮುಟ್ಟುವ ಸಂಭವ ಶೇಕಡಾ 46ರಷ್ಟು ಕಡಿಮೆ, ಕುಡಿತ ಶುರುಮಾಡುವ ಸಂಭವ ಶೇಕಡಾ 27ರಷ್ಟು ಕಡಿಮೆ! ಭಾಷಣದಿಂದ ಅಲ್ಲ. ಜೊತೆಯಲ್ಲಿ ಓಡಾಡಿದ್ದರಿಂದ, ಆಟ ಆಡಿದ್ದರಿಂದ, ಮಾತಾಡಿದ್ದರಿಂದ.

ಆದರೆ ಈ ಕಥೆಗೆ ಇಂಟರ್‌ವಲ್ ನಂತರದ ಭಾಗವೂ ಇದೆ. ಅದೇ ಮಕ್ಕಳ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿ 2002ರಲ್ಲಿ ಇನ್ನೊಂದು ವರದಿ ಬಂತು. ವರ್ಷಕ್ಕಿಂತ ಹೆಚ್ಚು ಉಳಿದ ನಂಟಿನಿಂದ ಹೆಚ್ಚು ಲಾಭ. ಮೂರು ತಿಂಗಳೊಳಗೆ ಅಣ್ಣ ಕೈಬಿಟ್ಟರೋ, ಆ ಮಕ್ಕಳಿಗೆ ತಮ್ಮ ಮೇಲೆ ಇದ್ದ ಅಷ್ಟಿಷ್ಟು ಭರವಸೆಯೂ ಕುಸಿದಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಬ್ಬ ಹುಡುಗ. ಬಯಲುಸೀಮೆಯ ಒಂದು ಊರಿನ ಚಿತ್ರಮಂದಿರದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುತ್ತಿದ್ದವನು. ಹದಿನೇಳು ಇರಬಹುದು. ಗಾಂಜಾ ಬಿಟ್ಟು ಐದು ತಿಂಗಳಾಗಿತ್ತಂತೆ, ಆಮೇಲೆ ಮತ್ತೆ ಹಿಡಿದನಂತೆ. "ಯಾಕೋ?" ಅಂದೆ.

"ಒಬ್ಬ ಅಣ್ಣ ಬರ್ತಿದ್ದ ಸಾರ್. ಪ್ರತಿ ಭಾನುವಾರ. ಕೇರಂ ಆಡ್ತಿದ್ವಿ. ಮಾರ್ಚಿಗೆ ಪ್ರಾಜೆಕ್ಟು ಮುಗೀತು ಅಂತ ಹೋಗ್ಬಿಟ್ಟ. ನಾನೇನು ಪ್ರಾಜೆಕ್ಟಾ ಸಾರ್?"

ಯಾವ ಸಂಭಾಷಣೆಕಾರ ಬರೆದಾನು ಇಂಥ ಮಾತನ್ನ! ಆ ಸಂಸ್ಥೆಯ ಹೆಸರು ಬೇಡ. ಅನುದಾನ ನಿಂತಿತ್ತು, ಅಷ್ಟೆ. ಅಣ್ಣನಾಗಿ ಬರುತ್ತಿದ್ದ ಯುವಕನಿಗೂ ಹೊಟ್ಟೆಪಾಡು ಇತ್ತಲ್ಲ.

ಹಾಲಿವುಡ್ಡಿನ ರಾಬರ್ಟ್ ಡೌನಿ ಜೂನಿಯರ್ ನಿಮಗೆ ಗೊತ್ತು, 'ಐರನ್ ಮ್ಯಾನ್'. ಮಾದಕ ವ್ಯಸನದ ಗಲಾಟೆಯಲ್ಲಿ 1999ರಲ್ಲಿ ಜೈಲು ಸೇರಿದ ಮನುಷ್ಯ. ಹೊರಬಂದ ಮೇಲೂ ಮತ್ತೆ ಸಿಕ್ಕಿಬಿದ್ದ. ವಿಮೆ ಕಂಪನಿಗಳು ಅವನಿದ್ದ ಚಿತ್ರಕ್ಕೆ ವಿಮೆ ಕೊಡಲು ಹಿಂಜರಿದವು. ವಿಮೆಯಿಲ್ಲದೆ ಅಲ್ಲಿ ಕ್ಯಾಮರಾ ತಿರುಗೋದಿಲ್ಲ. ಆಗ ನಟ ಮೆಲ್ ಗಿಬ್ಸನ್ ಆ ವಿಮೆಯ ಹಣವನ್ನು ತಾನೇ ಕಟ್ಟಿದ. 2003ರಲ್ಲಿ 'ದಿ ಸಿಂಗಿಂಗ್ ಡಿಟೆಕ್ಟಿವ್' ಬಂತು. 2024ರಲ್ಲಿ ಅದೇ ಡೌನಿ ಕೈಯಲ್ಲಿ ಆಸ್ಕರ್! ಗಿಬ್ಸನ್ ಬೆನ್ನು ತಟ್ಟಿ ಸುಮ್ಮನಾಗಲಿಲ್ಲ, ಜೇಬಿಗೆ ಕೈ ಹಾಕಿದ. ನಾನು ಇಷ್ಟು ಹೊತ್ತು ಹೇಳುತ್ತಿರೋದೂ ಅದನ್ನೇ.

ಹಾಗಾದರೆ ನಮ್ಮಲ್ಲಿ ಹಣ ಎಲ್ಲಿದೆ? ಇದೆ. ಮಾದಕ ವಸ್ತುಗಳ ಕಾನೂನು ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಮತ್ತಿನಲ್ಲಿ ಕಾರು ಓಡಿಸಿದ ಶ್ರೀಮಂತ ಹುಡುಗರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸಿದ ಕಥೆಯನ್ನು ನಮ್ಮ ಶಂಕರ್‌ನಾಗ್ 'ಆಕ್ಸಿಡೆಂಟ್' ಮಾಡಿ ತೋರಿಸಿದ್ದೂ ಅದೇ ವರ್ಷ. 1989ರ ತಿದ್ದುಪಡಿಯಲ್ಲಿ ಆ ಕಾನೂನಿಗೆ ಒಂದು ರಾಷ್ಟ್ರೀಯ ನಿಧಿ ಸೇರಿತು. ಮಾದಕ ವಸ್ತು ಸಾಗಿಸಿ ಗಳಿಸಿದ ಆಸ್ತಿಯನ್ನು ಮುಟ್ಟುಗೋಲು ಹಾಕಿ, ಮಾರಿ, ಬಂದ ಹಣ ಆ ನಿಧಿಗೆ. ವ್ಯಸನಿಗಳ ಚಿಕಿತ್ಸೆ, ಪುನರ್ವಸತಿಗೆ ಅದನ್ನು ಬಳಸಬಹುದು. ಖಳನಾಯಕನ ಬಂಗಲೆ ಮಾರಿ ಹುಡುಗನಿಗೆ ಅಣ್ಣನನ್ನು ಕೊಡಿಸೋದು! ಕ್ಲೈಮ್ಯಾಕ್ಸ್ ಅಂದ್ರೆ ಇದು.

ಇನ್ನು ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯ ಯೋಜನೆಯಲ್ಲಿ, ಓರಗೆಯ ಯುವಕರನ್ನೇ ತರಬೇತು ಮಾಡಿ ಮಕ್ಕಳ ನಡುವೆ ಬಿಡುವ ಕಾರ್ಯಕ್ರಮಕ್ಕೆ ಅನುದಾನ ಉಂಟು. ದೊಡ್ಡ ಕಂಪನಿಗಳು ಲಾಭದ ಶೇಕಡಾ 2 ಭಾಗ ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತೆ. ನಮ್ಮ ರಾಜ್ಯಕ್ಕೆ ಮದ್ಯದಿಂದ ಬರೋ ವರಮಾನ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ಮೀರಿದೆ. ಅದರಲ್ಲಿ ಒಂದು ಚಿಟಿಕೆಯನ್ನು ಅಣ್ಣಂದಿರಿಗೆ ಅಂತ, ಅದೂ ಮೂರು ವರ್ಷಕ್ಕೆ ಒಟ್ಟಿಗೇ, ಎತ್ತಿಟ್ಟರೆ ಬೊಕ್ಕಸಕ್ಕೇನೂ ತೂತು ಬೀಳೋದಿಲ್ಲ. ವರ್ಷ ವರ್ಷ ಮಾರ್ಚ್‌ನಲ್ಲಿ ಕತ್ತರಿ ಹಾಕೋ ಹಣದಿಂದ ನಂಟು ಬೆಳೆಯೋದಿಲ್ಲ, ಇದು ನನ್ನ ಹಠದ ಅಭಿಪ್ರಾಯ.

ಸರ್ಕಾರದ ಮಾತು ಸಾಕು. ಅಭಿಮಾನಿ ಮಿತ್ರರೇ, ಈಗ ನಿಮ್ಮ ಸರದಿ! 2006ರಲ್ಲಿ ಅಣ್ಣಾವ್ರ ಕಣ್ಣು ದಾನವಾಯಿತು, 2021ರಲ್ಲಿ ಅಪ್ಪು ಕಣ್ಣು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದ್ದು ನೀವೇ. ನಿಮ್ಮ ಶಕ್ತಿ ಅಷ್ಟಿದೆ. ಒಬ್ಬ ಅಣ್ಣ ವಾರಕ್ಕೊಮ್ಮೆ ಹುಡುಗನನ್ನು ನೋಡಲು ಬಸ್ ಚಾರ್ಜು, ಇಬ್ಬರ ಕಾಫಿ-ತಿಂಡಿ ಸೇರಿ ₹200 ಅಂತ ಇಟ್ಟುಕೊಳ್ಳಿ. 52 ವಾರಕ್ಕೆ ₹10,400. ಬಿಡುಗಡೆಯ ದಿನ ಕಟೌಟಿಗೆ ಏರೋ ಹಾರ, ಪಟಾಕಿ, ಹಾಲಿನ ಲೆಕ್ಕ ನಿಮಗೇ ಗೊತ್ತು. (ಹಿಂದಿನ ರಾತ್ರಿಯ 'ಪಾರ್ಟಿ' ಲೆಕ್ಕ ನಾನು ಕೇಳಿಲ್ಲ, ನೀವೂ ಹೇಳಬೇಡಿ!)

ಹಾಗಂತ ಸಿಕ್ಕಸಿಕ್ಕವರೆಲ್ಲ ಅಣ್ಣ ಆಗೋದಲ್ಲ. ಮಕ್ಕಳ ಜೊತೆ ಬಿಡುವ ಮುನ್ನ ಅವರ ಪೂರ್ವಾಪರ ವಿಚಾರಿಸಬೇಕು, ತರಬೇತಿ ಬೇಕು, ಮೇಲೆ ನೋಡಿಕೊಳ್ಳೋ ಜವಾಬ್ದಾರರು ಬೇಕು. ಅದಕ್ಕೂ ದುಡ್ಡೇ. ಅಣ್ಣ ವೈದ್ಯನೂ ಅಲ್ಲ. ವರ್ಷಗಟ್ಟಲೆ ಕುಡಿದವನು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ಅಂಥವನನ್ನು ನಿಮ್ಹಾನ್ಸ್‌ಗೋ ಜಿಲ್ಲಾಸ್ಪತ್ರೆಗೋ ಕರೆದೊಯ್ಯೋದೇ ಅಣ್ಣನ ಕೆಲಸ. "ಪೊಲೀಸ್ ಹಿಡೀತಾರೆ" ಅಂತ ಆಸ್ಪತ್ರೆಗೆ ಹೆದರೋರು ಬಹಳ. ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೆ ಕೇಸು ಬಿದ್ದ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. ಕಾನೂನಿನ 64ಎ ಕಲಮು ನೋಡಿ. 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತೆ.

ಗಾಂಧಿನಗರದಲ್ಲಿ ಒಂದು ಅಭಿಮಾನಿ ಸಂಘದ ಕಾರ್ಯದರ್ಶಿಗೆ ಇದನ್ನೆಲ್ಲ ಹೇಳಿದೆ. ತಲೆ ಕೆರೆದುಕೊಂಡ. "ಹಾರದಲ್ಲಿ ಎರಡು ಮೊಳ ಕಡಿಮೆ ಮಾಡಬಹುದು ಸಾರ್. ಆದ್ರೆ ಆ ಹುಡುಗ ಬೇರೆ ಹೀರೋ ಫ್ಯಾನ್ ಆಗಿದ್ರೆ?"

"ಆಗಿದ್ರೆ ಏನು ಮಾಡ್ತೀಯಪ್ಪ?" ಅಂದೆ.

ಸ್ವಲ್ಪ ಹೊತ್ತು ಯೋಚಿಸಿದ. "ಭಾನುವಾರ ಅವನ ಹೀರೋ ಪಿಕ್ಚರ್‌ಗೇ ಕರ್ಕೊಂಡು ಹೋಗ್ಬೇಕಾಗುತ್ತೆ. ಟಿಕೆಟ್ ದುಡ್ಡೂ ಸೇರಿಸ್ಕೊಳ್ಳಿ ಸಾರ್ ನಿಮ್ಮ ಲೆಕ್ಕಕ್ಕೆ!"