ನೀರು ನಿಲ್ಲುವುದರಿಂದಲೂ ಚಳಿಯಿಂದಲೂ ಮರದ ಸಸಿಗಳಿಗೆ ಆಗುವ ಹಾನಿ

ಬದುಗಳಲ್ಲಿಯೂ ತೋಪುಗಳಲ್ಲಿಯೂ ಮಳೆಗಾಲದಲ್ಲಿ ನೆಟ್ಟ ಬೇವು, ಹಲಸು, ಗಂಧ ಮುಂತಾದ ಸಸಿಗಳು ಹಿಂಗಾರು ಕಳೆದು ಮಾಗಿಯು ಬರುತ್ತಲೇ ಎಲೆ ಹಳದಿಯಾಗಿ ಜೋಲುಬೀಳುವುದುಂಟು. ಇದು ನೀರಿನ ಕೊರತೆಯೆಂದೆಣಿಸಿ ಮತ್ತಷ್ಟು ನೀರೆರೆಯುವುದು ವಾಡಿಕೆ. ಅನೇಕ ಸಸಿಗಳು ಸಾಯುವುದು ಈ ಉಪಚಾರದಿಂದಲೇ. ಬುಡದಲ್ಲಿ ನೀರು ತುಂಬಿದ್ದರೂ ಸಸಿಯು ಬಾಯಾರಿ ಬಾಡಬಲ್ಲುದು.

ಎಲೆಗಳಂತೆಯೇ ಬೇರುಗಳೂ ಉಸಿರಾಡುವುವು. ಮಣ್ಣಿನ ಕಣಗಳ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ನೀರು ನಿಂತೊಡನೆ ಆ ಗಾಳಿಯು ಹೊರದೂಡಲ್ಪಡುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ಖರ್ಚಾದುದು ಬೇಗನೆ ತುಂಬಿಬಾರದು. ಆಗ ನೀರನ್ನು ಹೀರುವ ಎಳೆಯ ಬೇರಿನ ತುದಿಗಳು ಮೊದಲು ಸಾಯುತ್ತವೆ. ಬೂಷ್ಟು ರೋಗಗಳು ಬುಡವನ್ನು ಕೊಳೆಯಿಸುತ್ತವೆ. ಮಣ್ಣಿನ ಸಾರಜನಕವೂ ಗಾಳಿಯ ರೂಪದಲ್ಲಿ ನಷ್ಟವಾಗುತ್ತದೆ.

ಚಳಿಯೂ ಬೇರೊಂದು ದಾರಿಯಿಂದ ಇದೇ ಕೇಡನ್ನು ತರುವುದು. ಬೀದರ, ವಿಜಯಪುರ, ಚಿಕ್ಕಮಗಳೂರು ಮೊದಲಾದ ಕಡೆಗಳಲ್ಲಿ ಡಿಸೆಂಬರ್-ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುತ್ತದೆ. 30 ಡಿಗ್ರಿಯಲ್ಲಿರುವ ನೀರಿಗಿಂತ 10 ಡಿಗ್ರಿಯ ನೀರು ಒಂದೂವರೆ ಪಟ್ಟಿಗೂ ಹೆಚ್ಚು ಮಂದವಾದುದು. ಅದು ಬೇರಿನೊಳಕ್ಕೆ ಸುಲಭವಾಗಿ ಹರಿಯದು. ಹೊಸ ಬೇರುಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ. ಸಸಿಯು ನೀರನ್ನು ಹೀರದಿರುವುದರಿಂದ ಮಣ್ಣು ಆರದು. ತೊಯ್ದ ಮಣ್ಣು ಬಿಸಿಲಿಗೆ ಬೇಗ ಕಾಯದು. ಹೀಗೆ ಒಂದು ಮತ್ತೊಂದಕ್ಕೆ ಒತ್ತಾಸೆಯಾಗುತ್ತದೆ. ನೀರು ನಿಲ್ಲುವ ತಗ್ಗುಗಳಲ್ಲಿಯೇ ರಾತ್ರಿಯ ತಣ್ಣನೆಯ ಗಾಳಿಯೂ ಇಳಿದು ನಿಲ್ಲುವುದರಿಂದ ಅಂತಹ ಸ್ಥಳಗಳಲ್ಲಿ ಹಾನಿಯು ಅಧಿಕ.

ಆದುದರಿಂದ ಬಾಡಿದ ಸಸಿಗೆ ನೀರೆರೆಯುವ ಮುನ್ನ ಬುಡದ ಪಕ್ಕದಲ್ಲಿ ನಾಲ್ಕು ಅಂಗುಲ ಅಗೆದು ನೋಡತಕ್ಕದ್ದು. ಮಣ್ಣು ಒಣಗಿದ್ದರೆ ನೀರು ಕೊಡಬಹುದು. ಅದು ಜಿಗುಟಾಗಿ ದುರ್ವಾಸನೆ ಬೀರುತ್ತಿದ್ದು, ಬೇರುಗಳು ಕಂದುಬಣ್ಣಕ್ಕೆ ತಿರುಗಿ ಸಿಪ್ಪೆ ಸುಲಿಯುತ್ತಿದ್ದರೆ ನೀರನ್ನು ನಿಲ್ಲಿಸಿ ಕಾಲುವೆ ತೆಗೆದು ಬಸಿಯಬೇಕು. ಎರೆ ಭೂಮಿಯಲ್ಲಿ ಸಸಿಗಳನ್ನು ಗುಂಡಿಯಲ್ಲಿ ತಗ್ಗಾಗಿ ನೆಡದೆ ದಿಬ್ಬದ ಮೇಲೆ ನೆಡುವುದು ಲೇಸು. ಪಾತಿಗಳನ್ನು ನೆಲಮಟ್ಟಕ್ಕಿಂತ ಎತ್ತರಿಸಬೇಕು. ಸಸಿಯ ಚೀಲಗಳ ತಳದಲ್ಲಿ ರಂಧ್ರಗಳಿರಬೇಕು. ಮಾಗಿಯಲ್ಲಿ ಸಂಜೆ ನೀರೆರೆಯಕೂಡದು. ಬಿಸಿಲೇರಿದ ಮೇಲೆ ಮಿತವಾಗಿ ಎರೆಯಬೇಕು.

ಕೆರೆಯಂಗಳದಂತಹ ತಗ್ಗು ಭೂಮಿಗೆ ಕರಿಜಾಲಿ, ಹೊಂಗೆ, ಹೊಳೆಮತ್ತಿಗಳು ತಕ್ಕವು. ಬೇವು, ಗಂಧ, ಹಲಸುಗಳನ್ನು ನೀರು ಬಸಿದುಹೋಗುವ ಇಳಿಜಾರಿಗೆ ಮೀಸಲಿಡುವುದು ಯುಕ್ತ. ನೆಡುವ ಮುನ್ನ ಒಂದು ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುವುದೆಂದು ಗುರುತು ಮಾಡಿಟ್ಟುಕೊಂಡ ಭೂಮಾಲಿಕರು, ಸತ್ತ ಸಸಿಗಳ ಜಾಗದಲ್ಲಿ ಮರಳಿ ನೆಡುವ ಖರ್ಚನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು.