ಹಂದಿ ಕಚ್ಚಿದ ನಾಯಿಯ ಪಟ್ಟು ಬಿಡಿಸುವ ಕ್ರಮ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಬೆಳೆಗೆ ನುಗ್ಗುವ ಹಂದಿಗಳನ್ನು ನಾಯಿಗಳಿಂದ ಹಿಡಿಸುವ ರೂಢಿಯಿದೆ. ಕಚ್ಚಿಹಿಡಿದ ನಾಯಿ ಹೊಡೆದರೆ ಬಿಡುವುದಿಲ್ಲ. ಎಳೆದರೆ ಹಂದಿಯ ಮಾಂಸ ಹರಿಯುತ್ತದೆ, ನಾಯಿಯ ಹಲ್ಲೂ ಮುರಿಯಬಹುದು.

ಮೊದಲು ಒಬ್ಬರು ಹಂದಿಯ ಹಿಂಗಾಲುಗಳನ್ನು ಹಿಡಿದೆತ್ತಿ, ಕೆಡವಿ, ಕಟ್ಟಬೇಕು. ಅದು ಕೊಸರಾಡದಂತಾದ ನಂತರವೇ ಇನ್ನೊಬ್ಬರು ನಾಯಿಯನ್ನು ತೊಡೆಗಳ ನಡುವೆ ಅದುಮಿ, ಕೊರಳಪಟ್ಟಿ ಹಿಡಿದು, ಬೆಣೆಯಾಕಾರದ ಗಟ್ಟಿಮರದ ತುಂಡನ್ನು ಬಾಯಿಯ ಪಕ್ಕದಿಂದ ದವಡೆಹಲ್ಲುಗಳ ನಡುವೆ ತೂರಿಸಿ ತಿರುಗಿಸಬೇಕು. ಬೆರಳು ಹಾಕಬಾರದು. ಹಿಡಿತ ಸಡಿಲವಾದೊಡನೆ ನಾಯಿಯನ್ನು ದೂರ ಕಟ್ಟಬೇಕು. ಹಂದಿಯ ರಕ್ತದಿಂದ ಬ್ರುಸೆಲ್ಲೋಸಿಸ್ ರೋಗ ತಗಲಬಹುದಾದ್ದರಿಂದ ಕೈಗವಸು ಅವಶ್ಯ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧ. ಆದರೆ ಸಾಕುನಾಯಿ ಕುರಿಯನ್ನೋ ಕರುವನ್ನೋ ಪಟ್ಟುಹಿಡಿದಾಗ ಈ ಕ್ರಮ ಉಪಯುಕ್ತ. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು, ಅಂದೇ ರೇಬಿಸ್ ಚುಚ್ಚುಮದ್ದಿಗಾಗಿ ವೈದ್ಯರನ್ನು ಕಾಣಬೇಕು.